ಯಾವುದು ಮೂಲರೂಪ? ಬೆಳಗಾವಿ–ಖಾನಾಪುರ ಸೀಮೆಯ ಹಳೆಯ ವ್ಯಾನುಗಳು ಮತ್ತು ಅವುಗಳ ಜೀರ್ಣೋದ್ಧಾರ

ಹಳೆಯ ಕಾರೊಂದನ್ನು ಮೂಲರೂಪಕ್ಕೆ ತರಲು ಹೊರಟವರಿಗೆ ಕೆಲಸ ಎಷ್ಟೇ ಕಠಿಣವಾದರೂ ಗುರಿ ಸ್ಪಷ್ಟವಾಗಿರುತ್ತದೆ. ಕಾರ್ಖಾನೆಯ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಅಂದಿನ ಜಾಹೀರಾತಿನ ಚಿತ್ರ ಇವುಗಳಲ್ಲಿ ಒಂದಾದರೂ ಕೈಗೆ ಸಿಕ್ಕರೆ ಆ ಕಾರು ಮಾರಾಟದ ಮಳಿಗೆಯಿಂದ ಹೊರಬಂದ ದಿನ ಹೇಗಿತ್ತೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ವ್ಯಾನಿನ ಸಂಗತಿ ಹಾಗಲ್ಲ. ಚಾಲಕನೂ ಸರಕೂ, ಕೆಲವೊಮ್ಮೆ ಜನರೂ, ಒಂದೇ ಸೂರಿನಡಿ ಸಾಗುವ ಈ ಮುಚ್ಚುಗಾಡಿ ಭಾರತದಲ್ಲಿ ಕಳೆದ ಶತಮಾನದ ಬಹುಪಾಲು ಕಾಲ ಎರಡು ಕಡೆ ಹುಟ್ಟುತ್ತಿತ್ತು: ಎಂಜಿನ್, ಗಾಲಿ, ಸ್ಟಿಯರಿಂಗುಗಳನ್ನು ಹೊತ್ತ ಉಕ್ಕಿನ ಅಡಿಚೌಕಟ್ಟು, ಅಂದರೆ ಚಾಸಿ, ದೂರದ ಕಾರ್ಖಾನೆಯಲ್ಲಿ ತಯಾರಾದರೆ, ಅದರ ಮೇಲಿನ ಒಡಲನ್ನು, ಅಂದರೆ ಬಾಡಿಯನ್ನು, ಕೊಂಡವನ ಊರಿನ ಬಡಗಿಯೂ ತಗಡು ಕೆಲಸದವನೂ ಕೂಡಿ ಕಟ್ಟುತ್ತಿದ್ದರು. ಆದುದರಿಂದ ಬೆಳಗಾವಿ ನಗರ, ಖಾನಾಪುರ, ಪಾರಿಶ್ವಾಡಗಳಂಥ ಊರುಗಳಲ್ಲಿ ಬಾಳಿ ಸವೆದ ವ್ಯಾನೊಂದನ್ನು ಮತ್ತೆ ನಿಲ್ಲಿಸುವ ಪ್ರಯತ್ನ ಆ ವಾಹನದ ಕಂಪನಿಯ ಇತಿಹಾಸವನ್ನು ಮಾತ್ರವಲ್ಲದೆ ಆ ಸೀಮೆಯ ಕಮ್ಮಟ, ಕುಲುಮೆ, ಗರಗಸಗಳ ಇತಿಹಾಸವನ್ನೂ ಓದಿಕೊಳ್ಳದೆ ಮುಂದೆ ಸಾಗುವುದಿಲ್ಲ.

ಈ ಸೀಮೆಯ ನೆಲವೇ ವಾಹನಕ್ಕೆ ಎರಡು ಬಗೆಯ ಪರೀಕ್ಷೆ ಒಡ್ಡುವಂಥದ್ದು. ಖಾನಾಪುರ ತಾಲೂಕಿನ ಪಡುವಣ ಭಾಗ, ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಜಾಂಬೋಟಿಯವರೆಗೆ, ಸಹ್ಯಾದ್ರಿಯ ಬಿರುಮಳೆಯ ಕಾಡು. ಅಲ್ಲಿ ತಿಂಗಳುಗಟ್ಟಲೆ ಒಣಗದ ತೇವವೂ ಕೆಂಪು ಜಂಬಿಟ್ಟಿಗೆಯ ಕೆಸರೂ ತಗಡಿನ ಸಂದುಗಳಲ್ಲಿ ಕೂತು ಒಳಗಿನಿಂದಲೇ ತುಕ್ಕು ಹಿಡಿಸುತ್ತವೆ. ಮೂಡಣಕ್ಕೆ ಇಳಿದಂತೆ ಮಳೆ ಕಡಿಮೆಯಾಗಿ, ಮರಾಠಿಯ ಜಾಗದಲ್ಲಿ ಕನ್ನಡ ಹೆಚ್ಚಾಗಿ, ಪಾರಿಶ್ವಾಡ, ಇಟಗಿ, ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲಗಳ ಕಡೆಗೆ ಎರೆಮಣ್ಣಿನ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ ವಾಹನವನ್ನು ಸವೆಸುವುದು ನೀರಿಗಿಂತ ಹೆಚ್ಚಾಗಿ ಧೂಳು, ಕಬ್ಬಿನ ಹಂಗಾಮಿನಲ್ಲಿ ಗಾಡಿಗಳ ಭಾರಕ್ಕೆ ಒಡೆದುಹೋಗುವ ರಸ್ತೆ, ಮತ್ತು ಹೊರೆ. ಒಂದೇ ತಾಲೂಕಿನ ಎರಡು ಅಂಚುಗಳಲ್ಲಿ ದುಡಿದ ಒಂದೇ ಮಾದರಿಯ ಎರಡು ವ್ಯಾನುಗಳನ್ನು ಬಿಚ್ಚಿ ನೋಡಿದರೆ ಪಡುವಣದ್ದರಲ್ಲಿ ತಳಹಾಸು ಕರಗಿ ಎಂಜಿನ್ ಉಳಿದಿರುವುದೂ, ಮೂಡಣದ್ದರಲ್ಲಿ ತಗಡು ಗಟ್ಟಿಯಿದ್ದು ಪಿಸ್ಟನ್, ಬೇರಿಂಗ್, ಪಟ್ಟಿಗಳು ಸವೆದಿರುವುದೂ ಸಹಜ. ಜೀರ್ಣೋದ್ಧಾರಕ್ಕೆಂದು ಬಿಡಿಭಾಗ ಹುಡುಕುವವರಿಗೆ ಇದಕ್ಕಾಗಿಯೇ ಒಡಲನ್ನು ಬಯಲುಸೀಮೆಯಲ್ಲಿಯೂ ಯಂತ್ರವನ್ನು ಮಳೆಸೀಮೆಯಲ್ಲಿಯೂ ಅರಸುವುದು ಲಾಭಕರ.

ಮೋಟಾರು ಬರುವ ಮೊದಲೇ ಇಲ್ಲಿ ಗಾಡಿ ಕಟ್ಟುವ ಕಸುಬು ಬೇರೂರಿತ್ತು. ಚಕ್ಕಡಿಯ ಗುಂಬ ಮತ್ತು ಅರೆಕಾಲುಗಳಿಗೆ ಬಯಲಿನ ಜಾಲಿ, ಹಲಗೆಗೆ ಖಾನಾಪುರದ ಕಾಡಿನ ಸಾಗವಾನಿ ಮತ್ತು ಮತ್ತಿ, ಗಾಲಿಯ ಸುತ್ತ ಕೆಂಪಗೆ ಕಾಯಿಸಿ ತೊಡಿಸಿ ನೀರೆರೆದು ಬಿಗಿಗೊಳಿಸುವ ಕಬ್ಬಿಣದ ಹಳಿ, ಹೀಗೆ ಬಡಿಗೇರರ ಮತ್ತು ಕಂಬಾರರ ಕೈಗಳು ಒಂದು ಚೌಕಟ್ಟಿನ ಮೇಲೆ ಕೂಡುತ್ತಿದ್ದವು. ಲಾರಿ, ವ್ಯಾನುಗಳ ಬಾಡಿ ಕಟ್ಟುವ ಕೆಲಸ ಬಂದಾಗ ಈ ಎರಡು ಕೈಗಳಿಗೆ ಮೂರನೆಯದಾಗಿ ತಗಡು ಬಡಿಯುವವನ ಕೈ ಸೇರಿತೇ ಹೊರತು ಕೆಲಸದ ಕ್ರಮ ಅಷ್ಟೇನೂ ಬದಲಾಗಲಿಲ್ಲ: ಮೊದಲು ಮರದ ಅಸ್ಥಿಪಂಜರ, ಅದಕ್ಕೆ ಕಬ್ಬಿಣದ ಮೂಲೆಗಟ್ಟು, ಮೇಲೆ ಉಕ್ಕಿನ ಅಥವಾ ಅಲ್ಯೂಮಿನಿಯಂ ತಗಡಿನ ಹೊದಿಕೆ. ಯುರೋಪಿನಲ್ಲಿಯೂ ಸಾರೋಟು ಕಟ್ಟುತ್ತಿದ್ದವರೇ ಮೊದಲ ಮೋಟಾರುಗಳ ಒಡಲನ್ನು ಕಟ್ಟಿದರು. ಅಲ್ಲಿ ಆ ಹಂತ ಒಂದೆರಡು ತಲೆಮಾರಿನಲ್ಲಿ ಕಾರ್ಖಾನೆಯ ಅಚ್ಚೊತ್ತುವ ಯಂತ್ರಕ್ಕೆ ದಾರಿ ಬಿಟ್ಟುಕೊಟ್ಟಿತು, ಇಲ್ಲಿ ಅದು ಬಹುಕಾಲ ಉಳಿಯಿತು.

ಬೆಳಗಾವಿಯ ಯಂತ್ರಕೆಲಸದ ಚರಿತ್ರೆಯನ್ನು ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರಿಲ್ಲದೆ ಆರಂಭಿಸಲಾಗದು. 1869ರಲ್ಲಿ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ನಡೆಸಿದ ಸೈಕಲ್ ಅಂಗಡಿ, ಅದರ ಕಾಲವನ್ನು 1888 ಎಂದು ಎಣಿಸುವುದು ರೂಢಿ, ಕ್ರಮೇಣ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ಕಾರ್ಖಾನೆಯಾಯಿತು. ಊರು ಬೆಳೆದು ಕಾರ್ಖಾನೆಯ ಜಾಗ ಬಡಾವಣೆಗೆ ಬೇಕಾದಾಗ ಅವರು ಅಲ್ಲಿಂದ ಏಳಬೇಕಾಯಿತು. ಔಂಧ ಸಂಸ್ಥಾನದ ಆಶ್ರಯದಲ್ಲಿ 1910ರಲ್ಲಿ ಕುಂಡಲದ ಬಳಿ ಕಿರ್ಲೋಸ್ಕರವಾಡಿ ಹುಟ್ಟಿತು. ಬೆಳಗಾವಿ ಕಳೆದುಕೊಂಡ ಆ ಕಾರ್ಖಾನೆಯ ಋಣ ಬೇರೊಂದು ದಾರಿಯಿಂದ ಮರಳಿತೆನ್ನಬಹುದು, ಏಕೆಂದರೆ 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ತಯಾರಿಸಿದ ಲೇತುಗಳು, ಅಂದರೆ ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರಗಳು, ಕರ್ನಾಟಕದ ಸಣ್ಣ ಕಮ್ಮಟಗಳ ಆಧಾರವಾದವು. ಸ್ವಾತಂತ್ರ್ಯಾನಂತರ ಬೆಳಗಾವಿಯಲ್ಲಿ ಎರಕದ ಮನೆಗಳು, ಅಂದರೆ ಫೌಂಡ್ರಿಗಳು, ಮತ್ತು ಯಂತ್ರಭಾಗಗಳ ಕಾರ್ಖಾನೆಗಳು ಒಂದರ ಹಿಂದೊಂದು ಬೆಳೆದು, ಖಾನಾಪುರ ರಸ್ತೆಯ ಉದ್ಯಮಬಾಗ ಮತ್ತು ಮಚ್ಛೆಗಳು ಎರಕ, ಹೈಡ್ರಾಲಿಕ್ ಉಪಕರಣ, ಎಂಜಿನ್ ಭಾಗಗಳಿಗೆ ಹೆಸರಾದವು. ಪಾರಿಶ್ವಾಡದ ಕಡೆಯಿಂದ ಖಾನಾಪುರ ಹಾಯ್ದು ಬೆಳಗಾವಿಗೆ ಹೋಗುವವರ ದಾರಿಯಲ್ಲಿಯೇ ಈ ಕೈಗಾರಿಕಾ ಪಟ್ಟಿ ಬಿದ್ದಿರುವುದು ಹಳ್ಳಿಯ ವಾಹನ ಮಾಲೀಕರಿಗೆ ಒದಗಿದ ದೊಡ್ಡ ಅನುಕೂಲ.

ವ್ಯಾನುಗಳ ಮೊದಲ ತಲೆಮಾರು ಅಮೆರಿಕದ್ದು. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ವಾಹನ ಜೋಡಿಸಲಾರಂಭಿಸಿತು. ವಾಲಚಂದ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಡಾಜ್ ಮತ್ತು ಫಾರ್ಗೋ ಹೆಸರಿನ ವಾಹನಗಳನ್ನು ತಂದಿತು. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ಇಲ್ಲಿನ ಮೋಟಾರು ವ್ಯವಹಾರದ ಮುಖ ಮುಂಬಯಿ ಮತ್ತು ಪುಣೆಗಳ ಕಡೆಗೇ ಇತ್ತು, ಬೆಂಗಳೂರಿನ ಕಡೆಗಲ್ಲ. ಈ ಗಾಡಿಗಳ ದೊಡ್ಡ ಪೆಟ್ರೋಲ್ ಎಂಜಿನುಗಳು ಇಂಧನ ಅಗ್ಗವಾಗಿದ್ದಷ್ಟು ಕಾಲ ಓಡಿದವು. 1973ರ ತೈಲ ಬಿಕ್ಕಟ್ಟಿನ ನಂತರ ಅವನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ದೇಶದಾದ್ಯಂತ ದೊಡ್ಡ ಕಸುಬಾಯಿತು. ಮದರಾಸಿನ ಸಿಂಪ್ಸನ್ ಕಂಪನಿ ಬ್ರಿಟನ್ನಿನ ಪರ್ಕಿನ್ಸ್ ಪರವಾನಗಿಯಡಿ ತಯಾರಿಸುತ್ತಿದ್ದ ಎಂಜಿನುಗಳು ಈ ಕಾಲದಲ್ಲಿ ಬಹಳಷ್ಟು ಹಳೆಯ ಚಾಸಿಗಳಿಗೆ ಎರಡನೆಯ ಜೀವ ಕೊಟ್ಟವು. ಇಂದು ಅಂಥ ಗಾಡಿಯೊಂದು ಸಿಕ್ಕರೆ ಅದರ ಹುಟ್ಟಿನ ಎಂಜಿನ್ ಒಳಗಿರುವ ಸಂಭವ ಕಡಿಮೆ, ಮತ್ತು ಜೀರ್ಣೋದ್ಧಾರದ ಮೊದಲ ವಿವಾದ ಇಲ್ಲಿಯೇ ಏಳುತ್ತದೆ.

ಎರಡನೆಯ ತಲೆಮಾರು ಜರ್ಮನಿಯಿಂದ ಪುಣೆಯ ದಾರಿಯಾಗಿ ಬಂತು, ಮತ್ತು ಈ ಸೀಮೆಯ ನೆನಪಿನಲ್ಲಿ ವ್ಯಾನ್ ಎಂದರೆ ಬಹುಮಟ್ಟಿಗೆ ಇದೇ. ಹ್ಯಾಂಬುರ್ಗ್ ನಗರದ ಹಾರ್ಬುರ್ಗಿನ ವಿಡಾಲ್ ಕಂಪನಿ ಟೆಂಪೊ ಎಂಬ ಹೆಸರಿನಲ್ಲಿ ಸಣ್ಣ ಸರಕುಗಾಡಿಗಳನ್ನು ತಯಾರಿಸುತ್ತಿತ್ತು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ನವಲಮಲ್ ಫಿರೋದಿಯಾ 1958ರಲ್ಲಿ ಅದರ ಪರವಾನಗಿ ಪಡೆದು ಬಜಾಜ್ ಟೆಂಪೊ ಕಂಪನಿಯನ್ನು ಕಟ್ಟಿದರು. ಮೊದಲು ಬಂದದ್ದು ಹಾನ್‌ಸೀಟ್ ಎಂಬ ಮೂರು ಗಾಲಿಯ ಗಾಡಿ. ಇದರ ಎಂಜಿನ್ ಮುಂದಿನ ಒಂಟಿ ಗಾಲಿಯ ಮೇಲೆಯೇ ಕೂತು ಸರಪಳಿಯ ಮೂಲಕ ಆ ಗಾಲಿಯನ್ನೇ ತಿರುಗಿಸುತ್ತಿತ್ತು. ಜರ್ಮನಿಯಲ್ಲಿ 1956ರಲ್ಲಿಯೇ ನಿಂತುಹೋದ ಈ ಮಾದರಿ ಭಾರತದಲ್ಲಿ ಶತಮಾನದ ಕೊನೆಯವರೆಗೂ ತಯಾರಾಗುತ್ತಿತ್ತು. ತಯಾರಕರ ಹೆಸರು ಕ್ರಮೇಣ ಎಲ್ಲ ಸಣ್ಣ ಸರಕುಗಾಡಿಗಳಿಗೂ ಹಬ್ಬಿ, ಯಾವ ಕಂಪನಿಯದಾದರೂ ಅದು ಟೆಂಪೊ ಎಂದಾಯಿತು.

ನಾಲ್ಕು ಗಾಲಿಯ ಮೆಟಡೋರ್ ಭಾರತಕ್ಕೆ ಬಂದದ್ದು 1969ರಲ್ಲಿ. ಜರ್ಮನಿಯಲ್ಲಿ ಈ ಹೆಸರು 1949ರಿಂದ ಇತ್ತು. ಅಲ್ಲಿನ ಮೊದಲ ಮೆಟಡೋರಿಗೆ ಫೋಕ್ಸ್‌ವಾಗನ್ ಕಾರಿನ ಎಂಜಿನ್ ಬಳಸಲಾಗಿದ್ದು, ತನ್ನದೇ ವ್ಯಾನ್ ಮಾರುಕಟ್ಟೆಗೆ ಬಂದ ಮೇಲೆ ಫೋಕ್ಸ್‌ವಾಗನ್ ಆ ಸರಬರಾಜನ್ನು ನಿಲ್ಲಿಸಿತ್ತು. ನಂತರದ ವರ್ಷಗಳಲ್ಲಿ ವಿಡಾಲ್ ಕಂಪನಿ ಹನೊಮಾಗಿನ ಕೈಗೂ, ಅಲ್ಲಿಂದ ಮರ್ಸಿಡಿಸ್ ತಯಾರಕರಾದ ಡೈಮ್ಲರ್–ಬೆಂಜಿನ ಕೈಗೂ ಹೋದುದರಿಂದ ಒಂದೇ ಮುಖದ ವ್ಯಾನು ಅಲ್ಲಿ ಮೂರು ಹೆಸರುಗಳಲ್ಲಿ ಮಾರಾಟವಾಯಿತು. ಜೀರ್ಣೋದ್ಧಾರಕರ ದೃಷ್ಟಿಯಿಂದ ಇದು ಒಣ ವಂಶಾವಳಿಯಲ್ಲ, ಏಕೆಂದರೆ ಇಲ್ಲಿ ಸಿಗದ ಭಾಗವೊಂದರ ನಕ್ಷೆ ಯುರೋಪಿನಲ್ಲಿ ಟೆಂಪೊ ಹೆಸರಿನಡಿ ಸಿಗದಿದ್ದರೆ ಹನೊಮಾಗಿನ ಅಥವಾ ಮರ್ಸಿಡಿಸಿನ ಕಡತದಲ್ಲಿ ಸಿಗಬಹುದು. ಭಾರತದ ಮೆಟಡೋರಿಗೆ 1980ರ ದಶಕದಲ್ಲಿ ಸೇರಿದ ಓಎಂ616 ಎಂಬ 2.4 ಲೀಟರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಮರ್ಸಿಡಿಸ್ 240ಡಿ ಕಾರಿನಲ್ಲಿಯೂ ಇದ್ದಂಥದ್ದೇ. ಅದೇ ಎಂಜಿನ್ ಮುಂದೆ ಬಜಾಜ್ ಟೆಂಪೊದ ಟ್ರ್ಯಾಕ್ಸ್, ಟ್ರಾವೆಲರ್ ವಾಹನಗಳಲ್ಲಿಯೂ ಮುಂದುವರಿದುದರಿಂದ ಅದರ ಪಿಸ್ಟನ್, ಲೈನರ್, ಗ್ಯಾಸ್ಕೆಟ್ಟುಗಳು ಇಂದಿಗೂ ದುರ್ಲಭವಲ್ಲ. ಅದಕ್ಕಿಂತ ಹಿಂದಿನ ಎಂಜಿನುಗಳ ಮಾಲೀಕರಿಗೆ ಈ ಭಾಗ್ಯವಿಲ್ಲ.

ಮೆಟಡೋರಿನ ವಿಶೇಷ ಅದರ ಮುಂಗಾಲಿ ಚಾಲನೆ. ಲಾರಿಗಳಲ್ಲಿ ಎಂಜಿನ್ ಮುಂದಿದ್ದು ಹಿಂದಿನ ಗಾಲಿಗಳನ್ನು ತಿರುಗಿಸುವುದರಿಂದ ಉದ್ದನೆಯ ಚಾಲನಾದಂಡವೊಂದು ಅಡಿಯಲ್ಲಿ ಹಾಯಬೇಕು, ಅದಕ್ಕಾಗಿ ತಳ ಎತ್ತರವಾಗಬೇಕು. ಮೆಟಡೋರಿನಲ್ಲಿ ಎಂಜಿನ್ನೂ ಚಾಲನೆಯೂ ಮುಂದೆಯೇ ಮುಗಿಯುವುದರಿಂದ ಹಿಂದಿನ ತಳ ತಗ್ಗಾಗಿ, ಸಪಾಟಾಗಿ ಉಳಿಯಿತು. ಹಾಲಿನ ಕ್ಯಾನು, ತರಕಾರಿ ಮೂಟೆ, ರೋಗಿಯ ಮಂಚ, ಶವಪೆಟ್ಟಿಗೆ ಯಾವುದನ್ನಾದರೂ ಹೆಚ್ಚು ಎತ್ತದೆ ಒಳಗೆ ಇಡಬಹುದಾದ ಈ ತಗ್ಗು ತಳವೇ ಅದನ್ನು ಆಂಬುಲೆನ್ಸ್, ಶಾಲಾವಾಹನ, ಚುನಾವಣಾ ಪ್ರಚಾರದ ಗಾಡಿ, ಮದುವೆ ದಿಬ್ಬಣದ ಗಾಡಿ ಎಲ್ಲವನ್ನೂ ಆಗಿಸಿತು. ಆದರೆ ಹಿಂದೆ ಹೊರೆ ತುಂಬಿ ಘಟ್ಟ ಹತ್ತುವಾಗ ಭಾರವೆಲ್ಲ ಹಿಂಗಾಲಿಯ ಮೇಲೆ ಬಿದ್ದು, ಗಾಡಿಯನ್ನು ಎಳೆಯಬೇಕಾದ ಮುಂಗಾಲಿಗಳು ಹಗುರಾಗಿ ಒದ್ದೆ ರಸ್ತೆಯಲ್ಲಿ ಸುಮ್ಮನೆ ಸುತ್ತುವ ದೋಷವೂ ಈ ರಚನೆಯ ಜೊತೆಗೇ ಬಂತು. ಬೆಳಗಾವಿಯ ತರಕಾರಿ ಮತ್ತು ಹಾಲಿಗೆ ಗೋವಾ ದೊಡ್ಡ ಮಾರುಕಟ್ಟೆ; ಚೋರ್ಲಾ ಘಟ್ಟದ ಹಾದಿಯಲ್ಲಿ ಇಳಿಯುವಾಗ ತುಂಬಿ, ಏರುವಾಗ ಖಾಲಿ ಬರುವ ಈ ವ್ಯಾಪಾರದ ದಿಕ್ಕು ಮೆಟಡೋರಿನ ಆ ದೌರ್ಬಲ್ಯಕ್ಕೆ ಆಕಸ್ಮಿಕವಾಗಿ ಹೊಂದಿಕೊಂಡಿತ್ತು ಎಂಬುದನ್ನು ಗಮನಿಸಬೇಕು.

ಜನರನ್ನು ಸಾಗಿಸುವ ವ್ಯಾನುಗಳ ಬಾಳು ಕಾನೂನಿನ ನೆರಳಿನಲ್ಲಿಯೇ ನಡೆಯಿತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಸ್ ಸಾರಿಗೆಯ ರಾಷ್ಟ್ರೀಕರಣ ಆರಂಭವಾಗಿ, ರಾಜ್ಯ ಪುನರ್ವಿಂಗಡಣೆಯ ನಂತರ ಬೆಳಗಾವಿಯ ಸರ್ಕಾರಿ ಬಸ್ಸುಗಳು ಮೈಸೂರು ರಾಜ್ಯಕ್ಕೆ ಬಂದವು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವೂ, 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ವಾಯವ್ಯ ಸಾರಿಗೆ ನಿಗಮವೂ ರಚನೆಯಾದವು. ನಿಗದಿತ ಮಾರ್ಗಗಳು ಸರ್ಕಾರದ ಪಾಲಾದ ಮೇಲೆ ಖಾಸಗಿಯವರಿಗೆ ಉಳಿದದ್ದು ಒಪ್ಪಂದದ ಬಾಡಿಗೆ. ಕರ್ನಾಟಕ ಸರ್ಕಾರ 1976ರ ಕಾಯಿದೆಯಿಂದ ಅಂಥ ಒಪ್ಪಂದದ ಬಸ್ಸುಗಳನ್ನೂ ವಶಕ್ಕೆ ತೆಗೆದುಕೊಂಡಾಗ ಸುಪ್ರೀಂ ಕೋರ್ಟು ಮರುವರ್ಷ ಆ ಕ್ರಮವನ್ನು ಎತ್ತಿಹಿಡಿಯಿತು. ದೊಡ್ಡ ಬಸ್ಸಿಗೆ ಬಾಗಿಲು ಮುಚ್ಚಿದ್ದರಿಂದ ಸಣ್ಣ ವ್ಯಾನಿಗೆ ಬೆಲೆ ಬಂತು. 1988ರ ಮೋಟಾರು ವಾಹನ ಕಾಯಿದೆ ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದ ಪ್ರಯಾಣಿಕರ ವಾಹನವನ್ನು ಮ್ಯಾಕ್ಸಿಕ್ಯಾಬ್ ಎಂದು ಗುರುತಿಸಿತು. ಬಸ್ಸು ದಿನಕ್ಕೆ ಕೆಲವೇ ಸಲ ಬರುವ ಹಳ್ಳಿಗಳಿಂದ ಖಾನಾಪುರ, ಬೈಲಹೊಂಗಲ, ಕಿತ್ತೂರುಗಳ ಸಂತೆಗೆ ಹೋಗುವವರಿಗೆ ಈ ಗಾಡಿಗಳೇ ಗತಿಯಾಗಿದ್ದವು. ಒಳಗೆ ಎಷ್ಟು ಜನ ಕೂರುತ್ತಿದ್ದರೆಂಬುದಕ್ಕೂ ಕಾಯಿದೆಯ ಸಂಖ್ಯೆಗೂ ಸಂಬಂಧ ಕಲ್ಪಿಸುವುದು ವ್ಯರ್ಥ ಪ್ರಯತ್ನ. ಆದರೆ ಆ ಹೆಚ್ಚುವರಿ ಜನರಿಗಾಗಿಯೇ ಬೆಸೆದ ಅಡ್ಡ ಆಸನ, ಹಿಂಬದಿಯ ಏಣಿ, ಮೇಲಿನ ಸಾಮಾನು ಕಟಾಂಜನಗಳು ಇಂದು ಸಿಗುವ ವ್ಯಾನುಗಳ ಒಡಲಿನಲ್ಲಿ ಸಾಕ್ಷಿಗಳಾಗಿ ಉಳಿದಿವೆ.

ಇಳಿಮುಖ ಬೇಗ ಬಂತು. 1984ರಲ್ಲಿ ಬಂದು ಮುಂದೆ ಓಮ್ನಿ ಎನಿಸಿಕೊಂಡ ಮಾರುತಿ ವ್ಯಾನು ನಗರದ ಹಗುರ ಕೆಲಸವನ್ನು ಕಸಿದುಕೊಂಡಿತು. ಅದೇ ದಶಕದಲ್ಲಿ ಜಪಾನಿ ಸಹಯೋಗದ ಸಣ್ಣ ಲಾರಿಗಳೂ, 1987ರಲ್ಲಿ ಬಜಾಜ್ ಟೆಂಪೊದ್ದೇ ಟ್ರಾವೆಲರೂ ಬಂದವು. 2005ರ ಟಾಟಾ ಏಸ್ ಉಳಿದ ಸರಕು ಕೆಲಸವನ್ನು ತೆಗೆದುಕೊಂಡಿತು, ಆ ವರ್ಷವೇ ಬಜಾಜ್ ಟೆಂಪೊ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ಹಳ್ಳಿಗಳಲ್ಲಿ ಕ್ರೂಸರ್ ಜೀಪುಗಳೂ ಟಂಟಂ ಎಂಬ ಮೂರು ಗಾಲಿಯ ಗಾಡಿಗಳೂ ಜನರನ್ನು ಹೊತ್ತವು. ಮೆಟಡೋರುಗಳು ಗ್ಯಾರೇಜಿನ ಹಿತ್ತಲು, ಇಟ್ಟಿಗೆ ಭಟ್ಟಿಗಳಿಗೆ ಸರಿದವು, ಇಲ್ಲವೇ ಸಂತೆಯ ಮೂಲೆಯ ತಿಂಡಿ ಗಾಡಿಗಳಾದವು.

ಇಂಥ ಗಾಡಿಯೊಂದನ್ನು ಮರಳಿ ನಿಲ್ಲಿಸುವ ಕೆಲಸ ಬಿಚ್ಚುವುದರಿಂದ ಆರಂಭವಾಗುತ್ತದೆ, ಮತ್ತು ಮೊದಲ ಆಘಾತವೂ ಬಿಚ್ಚಿದಾಗಲೇ. ಹೊರಗೆ ನಯವಾಗಿ ಕಾಣುವ ಬಾಗಿಲಿನ ಕೆಳ ಅಂಚನ್ನು ಕೆರೆದರೆ ಪುಟ್ಟಿ, ಅಂದರೆ ತಗ್ಗು ತುಂಬುವ ಲೇಪ, ಬೆರಳ ದಪ್ಪಕ್ಕೆ ಕಳಚಿ ಬೀಳುತ್ತದೆ. ಅದರಡಿ ಹಿಂದಿನ ತೇಪೆ, ಅದರಡಿ ಇನ್ನೊಂದು ತೇಪೆ, ಎಲ್ಲದರಡಿ ಮೂಲ ತಗಡಿನ ಜಾಲರಿ. ಊರಿನಲ್ಲಿ ಕಟ್ಟಿದ ಒಡಲಾದರೆ ತಗಡಿಗೂ ಮರಕ್ಕೂ ನಡುವೆ ಮಳೆನೀರು ನಿಂತು ಮರ ಕೊಳೆತು, ಮೊಳೆಗಳು ಹಿಡಿತ ಬಿಟ್ಟು, ತಗಡೇ ಮರವನ್ನು ಹೊತ್ತು ನಿಂತಿರುತ್ತದೆ. ಗ್ಯಾಸ್ ಬೆಸುಗೆಯ ಬಿಸಿಗೆ ತೆಳು ತಗಡು ಸುಕ್ಕಾಗುವುದರಿಂದ ತುಸುತುಸುವೇ ಬೆಸೆದು, ತಣಿಯಲು ಬಿಟ್ಟು, ಮರದ ಕೊಡತಿಯಿಂದ ಬಡಿದು ಸಮಮಾಡುವ ತಾಳ್ಮೆಯ ಕೆಲಸ ತಿಂಗಳುಗಳನ್ನು ನುಂಗುತ್ತದೆ. ಇದಕ್ಕೆ ಪ್ರತಿಯಾಗಿ ಕೆಲವು ಸಂಗತಿಗಳು ಅನಿರೀಕ್ಷಿತವಾಗಿ ಸುಲಭ. ಕಾರಿನ ಬಾಗಿದ ಗಾಜು ಒಡೆದರೆ ಸಿಗುವುದು ಕಷ್ಟ. ಹಳೆಯ ವ್ಯಾನುಗಳ ಪಕ್ಕದ ಕಿಟಕಿಗಳ ಚಪ್ಪಟೆ ಗಾಜನ್ನಾದರೆ ಅಳತೆ ಕೊಟ್ಟು ಕತ್ತರಿಸಿಕೊಳ್ಳಬಹುದು. ಮರದ ತಳಹಾಸನ್ನು ಬಡಿಗೇರನಿಗಿಂತ ಚೆನ್ನಾಗಿ ಯಾವ ಕಾರ್ಖಾನೆಯೂ ಮಾಡಿಕೊಡದು.

ಯಂತ್ರದ ಕೆಲಸದಲ್ಲಿ ಬೆಳಗಾವಿಯ ಬಲ ಎದ್ದು ಕಾಣುತ್ತದೆ. ಸವೆದ ಸಿಲಿಂಡರನ್ನು ಸ್ವಲ್ಪ ಹಿಗ್ಗಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕುವುದಕ್ಕೆ ಬೋರಿಂಗ್ ಎನ್ನುತ್ತಾರೆ. ಹಿಗ್ಗಿಸಲು ಎಡೆಯಿಲ್ಲದಿದ್ದರೆ ಲೈನರ್ ಎಂಬ ಹೊಸ ಒಳಕೊಳವೆಯನ್ನು ತೊಡಿಸಬೇಕು. ಪಿಸ್ಟನ್ನಿನ ಮೇಲೆಕೆಳಗಿನ ಚಲನೆಯನ್ನು ಸುತ್ತುಚಲನೆಯಾಗಿಸುವ ಕ್ರ್ಯಾಂಕ್ ಶಾಫ್ಟನ್ನು ಪ್ರತಿ ಸಲ ಕಾಲು ಮಿಲಿಮೀಟರಿನಷ್ಟು ಅರೆದು, ಅಷ್ಟೇ ದಪ್ಪ ಹೆಚ್ಚಿದ ಬೇರಿಂಗ್ ಕೂರಿಸುವುದು ವಾಡಿಕೆ, ಮತ್ತು ಅರೆಯುವ ಅವಕಾಶ ಕೆಲವೇ ಸಲ ಇರುವುದರಿಂದ ಹಳೆಯ ವ್ಯಾನಿನ ಕ್ರ್ಯಾಂಕು ತನ್ನ ಕೊನೆಯ ಅಳತೆಯನ್ನು ಮುಟ್ಟಿದೆಯೇ ಎಂಬುದು ಇಡೀ ಯೋಜನೆಯ ಭವಿಷ್ಯವನ್ನು ನಿರ್ಧರಿಸುತ್ತದೆ. ಮಾರುಕಟ್ಟೆಯಲ್ಲಿ ಎಲ್ಲಿಯೂ ಸಿಗದ ನೀರಿನ ಪಂಪಿನ ಹೊದಿಕೆ, ಹೊಗೆ ಹೊರಹಾಕುವ ಕವಲುಕೊಳವೆ ಮೊದಲಾದ ಎರಕದ ಭಾಗಗಳಿಗೆ ಪ್ಯಾಟರ್ನ್, ಅಂದರೆ ಭಾಗದ ಮರದ ಪ್ರತಿರೂಪ, ಬೇಕು. ಕರಗಿದ ಬೀಡುಕಬ್ಬಿಣ ತಣಿದಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಕಡೆಯಬೇಕು. ಒಡೆದ ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಹುಟ್ಟುವ ಭಾಗ ಕೂರುವ ಜಾಗಕ್ಕಿಂತ ಚಿಕ್ಕದಾಗಿ ಬಂದು ಹಣ, ಸಮಯ ಎರಡೂ ಹಾಳಾಗುತ್ತವೆ. ಈ ತಪ್ಪನ್ನು ಮಾಡದ ಜೀರ್ಣೋದ್ಧಾರಕರು ವಿರಳ.

ಮುಂಗಾಲಿ ಚಾಲನೆಯ ಕೀಲುಗಳು ಬೇರೆಯೇ ತೊಡಕು. ಗಾಲಿ ತಿರುಗುತ್ತಲೂ ಪಕ್ಕಕ್ಕೆ ಹೊರಳುತ್ತಲೂ ಶಕ್ತಿಯನ್ನು ದಾಟಿಸಬೇಕಾದ ಈ ಕೀಲುಗಳನ್ನು ಕಾಯುವ ರಬ್ಬರ್ ಟೊಪ್ಪಿಗೆ ಹರಿದರೆ ಪಾರಿಶ್ವಾಡದ ಕಡೆಯ ಧೂಳು ಗ್ರೀಸಿನೊಂದಿಗೆ ಬೆರೆತು ಉಕ್ಕನ್ನೇ ಉಜ್ಜುವ ಲೇಪವಾಗುತ್ತದೆ. ಕೀಲು ಹೋದ ಮೇಲೆ ಅದನ್ನು ಸ್ಥಳೀಯ ಲೇತಿನಲ್ಲಿ ಕಡೆದು ಮಾಡುವುದು ಕಷ್ಟ, ಏಕೆಂದರೆ ಅದಕ್ಕೆ ಬೇಕಾದ ಗಟ್ಟಿತನ ವಿಶೇಷ ಶಾಖಸಂಸ್ಕಾರದಿಂದಲೇ ಬರಬೇಕು. ಬಹಳಷ್ಟು ಮೆಟಡೋರುಗಳ ಪುನರುಜ್ಜೀವನ ಇಲ್ಲಿಗೇ ನಿಂತರೆ ಆಶ್ಚರ್ಯವಿಲ್ಲ.

ಈ ಎಲ್ಲದರ ನಡುವೆ ಉಳಿಯುವ ಪ್ರಶ್ನೆ, ಯಾವ ಕಾಲದ ರೂಪಕ್ಕೆ ಗಾಡಿಯನ್ನು ಮರಳಿಸಬೇಕೆಂಬುದು. ಕನ್ನಡ ನಾಡಿನ ದೇವಾಲಯ ಶಾಸನಗಳು ದತ್ತಿಯ ಉದ್ದೇಶಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವನ್ನು, ಅಂದರೆ ಒಡೆದು ಬಿರಿದುದರ ದುರಸ್ತಿಯನ್ನು, ಮತ್ತೆ ಮತ್ತೆ ಹೇಳುತ್ತವೆ. ಕಟ್ಟಡ ಕೆಡುತ್ತಲೇ ಇರುತ್ತದೆ, ಸರಿಪಡಿಸುತ್ತಲೇ ಇರಬೇಕು ಎಂಬ ಆ ತಿಳಿವಳಿಕೆಯಲ್ಲಿ ಮೊದಲ ದಿನದ ರೂಪಕ್ಕೆ ಮರಳುವ ಹಟ ಕಾಣುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾಗಿ 1966ರಲ್ಲಿ ಸ್ಥಾಪಿತವಾದ ಫಿವಾ ಸಂಸ್ಥೆ ಸ್ಮಾರಕಗಳ ರಕ್ಷಣೆಗೆ ಸಂಬಂಧಿಸಿದ 1964ರ ವೆನಿಸ್ ಸನ್ನದಿನ ಮಾದರಿಯಲ್ಲಿ ರೂಪಿಸಿದ ಟ್ಯೂರಿನ್ ಸನ್ನದು ಕೂಡ ಹೊಳಪು ಮರಳಿಸುವುದಕ್ಕಿಂತ ಇರುವುದನ್ನು ಕಾಪಿಡುವುದಕ್ಕೆ ಆದ್ಯತೆ ಕೊಡುತ್ತದೆ, ವಾಹನದ ಬಾಳಿನಲ್ಲಿ ಆದ ಮಾರ್ಪಾಡುಗಳನ್ನೂ ಇತಿಹಾಸದ ಭಾಗವೆಂದು ಪರಿಗಣಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ 1950ರ ದಶಕದ ಡಾಜ್ ವ್ಯಾನಿಗೆ ತೈಲ ಬಿಕ್ಕಟ್ಟಿನ ಕಾಲದಲ್ಲಿ ಕೂರಿಸಿದ ಪರ್ಕಿನ್ಸ್ ಎಂಜಿನನ್ನು ಕಿತ್ತೆಸೆದು ಅಮೆರಿಕದಿಂದ ಪೆಟ್ರೋಲ್ ಎಂಜಿನ್ ತರಿಸುವವನು ಶುದ್ಧತೆಯ ಹೆಸರಿನಲ್ಲಿ ಆ ಗಾಡಿಯ ಅರ್ಧ ಚರಿತ್ರೆಯನ್ನು ಅಳಿಸುತ್ತಾನೆ. ಹಾಗೆಯೇ ಮೆಟಡೋರಿನ ಬದಿಯಲ್ಲಿ ಕುಂಚದ ಪೇಂಟರು ಕನ್ನಡ ಮತ್ತು ನಾಗರಿ ಲಿಪಿಗಳೆರಡರಲ್ಲಿಯೂ ಬರೆದ ಊರ ಹೆಸರು, ದೇವರ ಹೆಸರುಗಳನ್ನು ಉಜ್ಜಿ ತೆಗೆದು ಕಾರ್ಖಾನೆಯ ಒಂಟಿ ಬಣ್ಣ ಬಳಿಯುವುದು ಗಡಿಸೀಮೆಯ ಒಂದು ದಾಖಲೆಯನ್ನು ಕೈಯಾರೆ ನಾಶಮಾಡಿದಂತೆ. ಯುರೋಪಿನಲ್ಲಿ ಫೋಕ್ಸ್‌ವಾಗನ್ ವ್ಯಾನುಗಳಿಗೆ ಹೊಸದಾಗಿ ಅಚ್ಚೊತ್ತಿದ ತಗಡು, ರಬ್ಬರುಗಳೆಲ್ಲ ಅಂಗಡಿಯಲ್ಲಿ ಸಿಗುತ್ತವೆ, ಆದುದರಿಂದ ಅಲ್ಲಿ ಕಾರ್ಖಾನೆಯ ರೂಪಕ್ಕೆ ಮರಳುವುದು ಸಾಧ್ಯವೂ ಹೌದು, ಫ್ಯಾಷನ್ನೂ ಹೌದು; ಇಲ್ಲಿ ಆ ಆದರ್ಶವನ್ನು ಎರವಲು ತರುವುದರಲ್ಲಿ ಅರ್ಥವಿಲ್ಲ.

ಆದರೆ ಭಾರತದ ಕಾನೂನು ಎರವಲು ಆದರ್ಶದ ಕಡೆಗೇ ವಾಲಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಂಟೇಜ್ ವಾಹನಗಳ ಅಧ್ಯಾಯ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿಸಿಕೊಂಡ, ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳಿಗೆ ವಿಎ ಅಕ್ಷರಗಳುಳ್ಳ ವಿಶೇಷ ಸಂಖ್ಯೆಯನ್ನು ಕೊಡುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂತರದ ಮರುನೋಂದಣಿಗೆ 5,000 ರೂಪಾಯಿ. ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಅತಿ ಮುಖ್ಯವಾದ ಮಾತು ವ್ಯಾಖ್ಯೆಯಲ್ಲಿಯೇ ಇದೆ: ಈ ಸೌಲಭ್ಯ ದ್ವಿಚಕ್ರ ವಾಹನಗಳಿಗೆ ಮತ್ತು ಎಂ1 ವರ್ಗದ ನಾಲ್ಕು ಚಕ್ರದ ವಾಹನಗಳಿಗೆ, ಅಂದರೆ ಚಾಲಕನನ್ನು ಬಿಟ್ಟು ಎಂಟಕ್ಕೆ ಮೀರದ ಆಸನಗಳ ಜನವಾಹನಗಳಿಗೆ ಮಾತ್ರ. ಸರಕಿನ ವ್ಯಾನೂ ಹನ್ನೆರಡು ಆಸನದ ಮ್ಯಾಕ್ಸಿಕ್ಯಾಬೂ ಈ ಗೆರೆಯ ಆಚೆಗೆ ಉಳಿದವು. ಮೊದಲ ಮೆಟಡೋರುಗಳು 50 ವರ್ಷ ದಾಟಿದ ಹೊತ್ತಿಗೆ ಸರಿಯಾಗಿ ಬಂದ ಈ ನಿಯಮ ಅವುಗಳಲ್ಲಿ ಬಹುಪಾಲನ್ನು ಪರಂಪರೆಯ ವಾಹನವೆಂದು ಒಪ್ಪಿಕೊಳ್ಳಲಿಲ್ಲ. ರಾಜರ, ಜಮೀನ್ದಾರರ, ಡಾಕ್ಟರರ ಕಾರು ವಿಂಟೇಜ್, ಹಾಲಿನ ವ್ಯಾನು ಬರಿಯ ಹಳೆಯ ಗಾಡಿ. ಧರ್ಮಸ್ಥಳದ ಪ್ರಸಿದ್ಧ ಸಂಗ್ರಹ ಮೊದಲುಗೊಂಡು ನಾಡಿನ ವಾಹನ ಸಂಗ್ರಹಗಳಲ್ಲಿಯೂ ಮೇಲುಗೈ ಕಾರುಗಳದೇ ಆಗಿರುವಾಗ ನಿಯಮ ರೂಪಿಸಿದವರನ್ನಷ್ಟೇ ದೂರುವುದು ನ್ಯಾಯವಾಗದು.

ವಿಂಟೇಜ್ ಪಟ್ಟ ಸಿಗದ ವ್ಯಾನಿಗೆ ಉಳಿಯುವುದು ಸಾಮಾನ್ಯ ನೋಂದಣಿಯ ದಾರಿ, ಅದೂ ಇಕ್ಕಟ್ಟಿನದು. ಬಾಡಿಗೆ ವಾಹನಕ್ಕೆ ಆಗಾಗ ಫಿಟ್ನೆಸ್, ಅಂದರೆ ಅರ್ಹತಾ ಪ್ರಮಾಣಪತ್ರ, ಬೇಕು. 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೂ, ಬಸ್ಸು–ಲಾರಿಗಳ ಅರ್ಹತಾ ಶುಲ್ಕ 12,500 ರೂಪಾಯಿಗೂ ಏರಿ, ಹಳೆಯ ಗಾಡಿಯನ್ನು ಗುಜರಿಗೆ ಹಾಕುವುದೇ ಜಾಣತನವೆನಿಸುವ ಸ್ಥಿತಿ ಬಂತು. ತಯಾರಕರು ನಮೂದಿಸಿದ ವಿವರಗಳಿಗೆ ಹೊರತಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿರುವುದರಿಂದ, ಸರಕಿನ ವ್ಯಾನನ್ನು ಮನೆಮಂದಿ ಕೂರುವ ಗಾಡಿಯಾಗಿ ಬದಲಿಸಿಕೊಳ್ಳುವ ದಾರಿಯೂ ಸುಗಮವಲ್ಲ. ಇದೆಲ್ಲಕ್ಕೂ ಮೊದಲು ಚಾಸಿಯ ಸಂಖ್ಯೆ ಓದಲು ಸಿಗಬೇಕು. ಸಾರಿಗೆ ಕಚೇರಿ ಆ ಕೆತ್ತಿದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಪಡಿಯಚ್ಚನ್ನು ಕೇಳುತ್ತದೆ. ಕಣಕುಂಬಿಯ ಮಳೆಯಲ್ಲಿ ಬೆಳೆದ ಗಾಡಿಯ ಆ ಜಾಗ ತುಕ್ಕಿನಿಂದ ಹಾಳೆ ಹಾಳೆಯಾಗಿ ಎದ್ದಿದ್ದರೆ, ಉಳಿದ ಎಲ್ಲ ಅಂಗಗಳೂ ಹೊಸದರಂತಾದರೂ ವಾಹನ ಕಾಗದದ ಮೇಲೆ ಬದುಕುವುದಿಲ್ಲ. ಬೈಲಹೊಂಗಲಕ್ಕೆ ಕೆಎ 24, ಬೆಳಗಾವಿಗೆ ಕೆಎ 22 ಎಂಬ ಈಗಿನ ಸಂಖ್ಯಾಕ್ರಮ 1988ರ ಕಾಯಿದೆ ಜಾರಿಗೆ ಬಂದ ನಂತರದ್ದಾದುದರಿಂದ, ಅದಕ್ಕೂ ಹಿಂದಿನ ಅಕ್ಷರಗಳುಳ್ಳ ಗಾಡಿಯ ಕಡತವನ್ನು ಹಳೆಯ ದಫ್ತರಗಳಲ್ಲಿ ಹುಡುಕಿಸುವುದು ಬೆಸುಗೆಗಿಂತ ದೀರ್ಘವಾದ ಕೆಲಸ.

ಬೆಳಗಾವಿಯ ಎರಕದ ಮನೆಗಳಿಗೂ ಈ ಕಥೆಯಲ್ಲಿ ಎರಡು ಪಾತ್ರಗಳಿವೆ. ಗುಜರಿಯ ಬೀಡುಕಬ್ಬಿಣ ಅವುಗಳ ಕಚ್ಚಾವಸ್ತುಗಳಲ್ಲೊಂದು. ಒಡೆದ ಎಂಜಿನ್ ಬ್ಲಾಕುಗಳು ಕುಲುಮೆಗೆ ಬಿದ್ದು ಪಂಪಿನ ಹೊದಿಕೆಗಳಾಗಿಯೋ ಕವಾಟಗಳಾಗಿಯೋ ಹೊರಬರುತ್ತವೆ, ಮತ್ತು ವ್ಯಾನುಗಳು ಕಡಿಮೆಯಾದದ್ದರಲ್ಲಿ ಗುಜರಿಯ ಬೆಲೆಗೂ ಪಾಲಿದೆ. ಇನ್ನೊಂದು ಕಡೆ ಕೋಕ್ ಕಲ್ಲಿದ್ದಲಿನ ಕುಲುಮೆಗಳ ಜಾಗದಲ್ಲಿ ವಿದ್ಯುತ್ ಕುಲುಮೆಗಳೂ, ಸಣ್ಣ ಗಿರಾಕಿಯ ಜಾಗದಲ್ಲಿ ದೊಡ್ಡ ರಫ್ತು ಗಿರಾಕಿಯೂ ಬಂದಂತೆ ಒಂದೇ ಒಂದು ಕವಲುಕೊಳವೆಗಾಗಿ ಅಚ್ಚು ಹೂಡುವುದು ದೊಡ್ಡ ಫೌಂಡ್ರಿಗಳಿಗೆ ಒಗ್ಗದ ಕೆಲಸವಾಗಿದೆ. ಅಂಥ ಬಿಡಿ ಕೆಲಸ ಅಲ್ಯೂಮಿನಿಯಂ ಮತ್ತು ಹಿತ್ತಾಳೆ ಎರಕದ ಸಣ್ಣ ಮನೆಗಳ ಪಾಲಿಗೆ ಬಿದ್ದಿದೆ. ಮರದ ಪ್ಯಾಟರ್ನ್ ಕಡೆಯುವವರ ಬದಲು ಕಂಪ್ಯೂಟರಿನ ನಕ್ಷೆಯಿಂದ ಪದರ ಪದರವಾಗಿ ಪ್ಲಾಸ್ಟಿಕ್ ಪ್ರತಿರೂಪ ಮುದ್ರಿಸುವ ಯಂತ್ರಗಳು ಬರುತ್ತಿರುವುದು ಜೀರ್ಣೋದ್ಧಾರಕರಿಗೆ ಅನುಕೂಲವೇ, ಏಕೆಂದರೆ ಮುರಿದ ಭಾಗವನ್ನು ಅಳೆದು, ಕುಗ್ಗುವಿಕೆಯ ನೂರರಲ್ಲೊಂದು ಪಾಲನ್ನು ಸೇರಿಸಿ, ಒಂದೇ ಪ್ರತಿಯನ್ನು ಮಾಡಿಸಿಕೊಳ್ಳಲು ಈಗ ಹಿಂದಿನಷ್ಟು ಖರ್ಚು ಬರುವುದಿಲ್ಲ.